ಹೊರಗಾದ ದಿನಗಳ ಕಾಗದ

ಹಲಸೂರು
6-1-1943

ಯಜಮಾನರಿಗೆ ಶಾಂತಕುಮಾರಿ ಮಾಡುವ ನಮಸ್ಕಾರ.

ನೀವು ಪೂನಾ ರೈಲು ಹತ್ತಿ ತಿಂಗಳ ಮೇಲಾಯಿತು. ಕಿರ್ಕಿಯ ಸಿಪಾಯಿಗಳು ನೀವು ಒದಗಿಸುವ ತರಕಾರಿ ತಿಂದು ಇನ್ನೂ ಜೀವಂತವಾಗಿದ್ದಾರೆಂದು ನಿಮ್ಮ ಕಾರ್ಡಿನಿಂದ ತಿಳಿಯಿತು. ನಾನು ಇಷ್ಟು ದಿನ ಉತ್ತರ ಬರೆಯಲಿಲ್ಲ ಎಂದು ಕೋಪ ಬೇಡ. ಮನೆಯೊಳಗಿದ್ದರೆ ಒಲೆ, ಹಸು, ನೀರು, ಮತ್ತೆ ಒಲೆ. ನಿನ್ನೆ ಹೊರಗಾದೆ. ಈಗ ಹಿತ್ತಿಲ ಜಗಲಿ, ಒಂದು ಚಾಪೆ, ಒಂದು ಚೊಂಬು, ಬೇಕಾದಷ್ಟು ಹೊತ್ತು.

ಬಾವಿ ಮುಟ್ಟಬೇಡ, ಉಪ್ಪಿನಕಾಯಿ ಜಾಡಿ ಮುಟ್ಟಬೇಡ, ಹೂವಿನ ಗಿಡದ ಹತ್ತಿರ ಸುಳಿಯಬೇಡ ಎಂದು ಅತ್ತೆ ಎಲ್ಲವನ್ನೂ ಹೇಳಿದರು. ಕಾಗದ ಮುಟ್ಟಬೇಡ ಎನ್ನಲಿಲ್ಲ. ಈ ಮನೆಯಲ್ಲಿ ನನಗಿಂತ ಮುಂಚೆ ಓದು ಬರಹ ಬಲ್ಲ ಹೆಂಗಸು ಇರಲಿಲ್ಲವಾದ್ದರಿಂದ ಅದಕ್ಕೊಂದು ಕಟ್ಟಳೆ ಮಾಡುವುದು ಯಾರಿಗೂ ಹೊಳೆದಿಲ್ಲ. 

"ಏನೇ ಅದು ಗೀಚ್ತಾ ಇರೋದು?" ಎಂದರು. 

"ನಿಮ್ಮ ಮಗನಿಗೆ ಕಾಗದ" ಎಂದೆ. 

"ಬರಿ ಬರಿ. ಆ ಕಡೆ ಗೋಧಿ ತಿಂದು ಹೊಟ್ಟೆ ಕೆಡಿಸ್ಕೋಬೇಡ ಅಂತ ಬರಿ."

ಬರೆದಿದ್ದೇನೆ. ನಿಮ್ಮ ಮಗಳು ಯಶೋದೆ ಸ್ಕೂಲಿನಲ್ಲಿ ಎರಡಂಕಿಯ ಗುಣಾಕಾರಕ್ಕೆ ಬಂದಿದ್ದಾಳೆ. ನಿಮ್ಮ ಹಾಗೆ ಬಾಯಿಲೆಕ್ಕ ಜಾಸ್ತಿ, ಸ್ಲೇಟಿನ ಮೇಲೆ ಕಡಿಮೆ.

ಇಂತಿ, ಶಾಂತ


ಕಿರ್ಕಿ
14-1-1943

ಚಿ. ಸೌ. ಶಾಂತಳಿಗೆ ಮುನಿರಾಜಪ್ಪನ ಆಶೀರ್ವಾದ.

ಇವತ್ತು ಸಂಕ್ರಾಂತಿ. ಇಲ್ಲಿಯವರು ಎಳ್ಳುಂಡೆ ಕೊಟ್ಟು "ಸಿಹಿಯಾಗಿ ಮಾತಾಡಿ" ಅನ್ನುತ್ತಾರೆ. ನನಗೆ ಅದನ್ನು ಹೇಳಿಕೊಡಬೇಕೆ? ಮಾತು ಸಿಹಿಯಿಲ್ಲದಿದ್ದರೆ ರಸೆಲ್ ಮಾರ್ಕೆಟ್ಟಿಗೆ ತಲೆಯ ಮೇಲೆ ಹೂಕೋಸಿನ ಮಂಕರಿ ಹೊತ್ತು ಹೋಗುತ್ತಿದ್ದವನು ಇವತ್ತು ಒಂದು ಕ್ಯಾಂಪಿನ ಅಡುಗೆಮನೆಯನ್ನು ನಡೆಸುತ್ತಿದ್ದನೆ? ಇಲ್ಲಿನ ಮೇಜರ್ ದೊರೆಗೆ ಬದನೆಕಾಯಿ ಕಂಡರಾಗದು. "ಇದು ಬದನೆಯಲ್ಲ ದೊರೆ, ಹಲಸೂರಿನ ನೇರಳೆ ಆಲೂಗಡ್ಡೆ" ಎಂದೆ. ತಿಂದ. ಇನ್ನೂ ಬೇಕು ಎಂದ.

ನಿನ್ನ ಕಾಗದವನ್ನು ಮೂರು ಸಲ ತೂಗಿದೆ. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಬಂತು. ಇಂಥ ಸರಕು ನನ್ನ ವ್ಯಾಪಾರದಲ್ಲಿ ಕಂಡಿರಲಿಲ್ಲ. ಆಗಾಗ ಕಳಿಸುತ್ತಿರು.

ಅಮ್ಮನಿಗೆ ಹೇಳು, ಗೋಧಿ ನನ್ನನ್ನು ಏನೂ ಮಾಡಿಲ್ಲ, ನಾನೇ ಅದನ್ನು ಮುಗಿಸುತ್ತಿದ್ದೇನೆ.

ಮುನಿರಾಜಪ್ಪ


ಹಲಸೂರು
1-2-1943

ಯಜಮಾನರಿಗೆ ನಮಸ್ಕಾರ.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೇರಳೆ ಆಲೂಗಡ್ಡೆಯ ಕಥೆಯನ್ನು ಅತ್ತೆಗೆ ಓದಿ ಹೇಳಿದೆ. "ಇವನು ಹುಟ್ಟಿದಾಗ ಅತ್ತಿರಲಿಲ್ಲ ಕಣೇ, ಸೂಲಗಿತ್ತಿ ಹತ್ರ ಚೌಕಾಸಿ ಮಾಡ್ತಿದ್ದ" ಎಂದರು.

ಪೂನಾದಲ್ಲಿ ಬಳಪ ಅಗ್ಗವಂತೆ. ಒಂದು ಡಬ್ಬಿ ಕಳಿಸಿ. ಮನೆಯಲ್ಲಿ ಬೇಗ ಖರ್ಚಾಗುತ್ತಿದೆ.

ವಿಮಾನದ ಕಾರ್ಖಾನೆ ಬಂದ ಮೇಲೆ ದೊಮ್ಮಲೂರಿನ ಗದ್ದೆಯ ಕಡೆ ದಿನವೂ ಗುಡುಗಿನ ಸದ್ದು. ಹಸು ಬೆದರಿ ಹಾಲು ಏರಿಸಿಕೊಳ್ಳುತ್ತದೆ. ಅತ್ತೆ ಅದರ ಕಿವಿಗೆ ಹಳೇ ಸೀರೆ ಸುತ್ತಿದ್ದಾರೆ. ಹಸು ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿದೆ.

ಶಾಂತ


ಹಲಸೂರು
20-2-1943

ಯಜಮಾನರಿಗೆ ನಮಸ್ಕಾರ.

ಹೋದ ಕಾಗದಕ್ಕೆ ನಿಮ್ಮ ಉತ್ತರ ಬರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ವಿಶೇಷವೇನಿಲ್ಲ. ಬಿಡುವಿತ್ತು.

ಹಿಂದಿನ ಮನೆಯ ಹಮೀದಾ ಬೇಲಿಯ ಆಚೆಯಿಂದ ಮಾತಾಡಿಸುತ್ತಿರುತ್ತಾಳೆ. ಅವಳ ಗಂಡ ಹಬೀಬ್ ತನ್ನ ಜಟಕಾಕ್ಕೆ ಹಸಿರು ಬಣ್ಣ ಹೊಡೆದಿದ್ದಾನೆ. "ಕುದುರೆ ಅದನ್ನ ಹುಲ್ಲಂತ ತಿಳ್ಕೊಂಡು ಹಿಂದಕ್ಕೆ ತಿರುಗ್ತಾ ಇದೆ ಅಕ್ಕಾ" ಎಂದು ಅವಳು ಹೇಳಿದಾಗ ತುಂಬಾ ನಕ್ಕೆ. ನಕ್ಕು ಸುಸ್ತಾಗಿ ಮಲಗಿದೆ. ಇತ್ತೀಚೆಗೆ ಸುಮ್ಮಸುಮ್ಮನೆ ಸುಸ್ತು. ಬಿಸಿಲು ಈ ವರ್ಷ ಮೊದಲೇ ಬಂದಿದೆ.

ಅತ್ತೆ ಚೆನ್ನಾಗಿದ್ದಾರೆ. ಅಡುಗೆ ಅವರೇ ಮಾಡುತ್ತಿದ್ದಾರೆ.

ಶಾಂತ


ಕಿರ್ಕಿ
27-2-1943

ಚಿ. ಸೌ. ಶಾಂತಳಿಗೆ ಆಶೀರ್ವಾದ.

ಒಂದಕ್ಕೆ ಉತ್ತರ ಬರೆಯಲು ಕೂತರೆ ಇನ್ನೊಂದು ಬಂದು ಬೀಳುತ್ತಿದೆ! ಇಲ್ಲಿ ಆದಿನಾರಾಯಣ ಎಂಬ ಮೈಸೂರಿನ ಗುಮಾಸ್ತನಿದ್ದಾನೆ. ಅವನ ಹೆಂಡತಿಯದು ದಸರಾಕ್ಕೊಂದು ಕಾಗದ, ಯುಗಾದಿಗೊಂದು ಕಾಗದ. ನಿನ್ನ ಎರಡನೆಯದನ್ನು ಅವನ ಮೇಜಿನ ಮೇಲೆ ಬೇಕೆಂದೇ ಮರೆತು ಬಂದೆ. ಆಮೇಲೆ ವಾಪಸು ಕೇಳಲು ಹೋಗಿ, "ಅಯ್ಯೋ ರಾಯರೇ, ಇವಳದು ಒಂದು ತಪ್ಪಿದರೆ ಒಂದು ಬರುತ್ತಲೇ ಇರುತ್ತದೆ, ಎಲ್ಲಿಟ್ಟೆನೆಂದೇ ನೆನಪಿರುವುದಿಲ್ಲ" ಎಂದೆ. ಅವನ ಮುಖ ನೋಡಬೇಕಿತ್ತು.

ಹತ್ತಿರವಿದ್ದಾಗ ದಿನಕ್ಕೆ ನಾಲ್ಕು ಮಾತಾಡದವಳು ದೂರವಾದ ಮೇಲೆ ಹೀಗೆ ಬರೆಯುತ್ತೀಯಲ್ಲ, ಪ್ರೀತಿಯೂ ಹುಣಸೆಹಣ್ಣಿನ ಹಾಗೆ, ಇಟ್ಟಷ್ಟೂ ಬೆಲೆ ಏರುತ್ತದೆ ಎಂದು ತಿಳಿದುಕೊಂಡೆ.

ಬಳಪದ ಡಬ್ಬಿ ದೊಡ್ಡದೇ ಕಳಿಸಿದ್ದೇನೆ. ಯಶೋದೆ ಇಷ್ಟು ಓದುತ್ತಿದ್ದಾಳೆಂದರೆ ಡೆಪ್ಯುಟಿ ಕಮಿಷನರ್ ಆಗುವುದೇ ಸೈ.

ಮುನಿರಾಜಪ್ಪ


ಹಲಸೂರು
6-3-1943

ಯಜಮಾನರಿಗೆ ನಮಸ್ಕಾರ.

ಬಳಪದ ಡಬ್ಬಿ ಬಂತು. ಯಶೋದೆಗೆ ಒಂದು ಕೊಟ್ಟೆ.

ನಿಮ್ಮ ಕಾಗದವನ್ನು ಅತ್ತೆಗೆ ಓದುವಾಗ ಹುಣಸೆಹಣ್ಣಿನ ಸಾಲನ್ನು ದಾಟಿಸಿದೆ.

ಮಲಗಿಕೊಂಡು ಬರೆಯುತ್ತಿರುವುದರಿಂದ ಸಾಲು ಓರೆಯಾಗಿದೆ, ತಪ್ಪು ತಿಳಿಯಬೇಡಿ. ಮೊನ್ನೆ ಕೆರೆ ಏರಿ ಹತ್ತುವಾಗ ಯಾರೋ ಅದನ್ನು ರಾತ್ರೋರಾತ್ರಿ ಎತ್ತರ ಮಾಡಿದ್ದಾರೆ ಅನ್ನಿಸಿತು. ಅರ್ಧದಲ್ಲಿ ಕೂತು ಉಸಿರು ತೆಗೆದುಕೊಂಡೆ. ಇಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ.

ಶಾಂತ


ಕಿರ್ಕಿ
13-3-1943

ಶಾಂತಾ,

ಇದನ್ನು ಅಮ್ಮನಿಗೆ ಓದಿ ಹೇಳಬೇಡ.

ನನ್ನ ಅಭ್ಯಾಸ ನಿನಗೆ ಗೊತ್ತು. ಯಾವ ಗಾಡಿ ಯಾವತ್ತು ಬಂತು ಎಂದು ಸರಕಿನ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸದಿದ್ದರೆ ನಿದ್ದೆ ಬಾರದು. ನಿನ್ನ ಓರೆ ಸಾಲಿನ ಕಾಗದ ಬಂದಾಗ ಹಾಗೆಯೇ ಎಲ್ಲವನ್ನೂ ಜೋಡಿಸಿ ಮೊದಲಿನಿಂದ ಓದಿದೆ. ಮೊದಲ ಕಾಗದದಲ್ಲಿ ನೀನೇ ಬರೆದಿದ್ದೀಯ, ಒಳಗಿದ್ದರೆ ಬರೆಯಲು ಪುರುಸೊತ್ತಿಲ್ಲ, ಹೊರಗಾದಾಗ ಮಾತ್ರ ಎಂದು. ನಾನು ನಕ್ಕು ಮರೆತಿದ್ದೆ.

ಜನವರಿಯಲ್ಲಿ ಒಂದು. ಫೆಬ್ರವರಿಯಲ್ಲಿ ಎರಡು. ಮಾರ್ಚಿ ಹುಟ್ಟಿದ ವಾರದಲ್ಲೇ ಮತ್ತೊಂದು. ನಾನು ಇದನ್ನು ಪ್ರೀತಿಯ ಬಾಬ್ತಿಗೆ ಜಮಾ ಮಾಡಿಕೊಂಡು ಕೂತಿದ್ದೆ. ಅಲ್ಲಿ ನಿನ್ನ ಮೈಯ ರಕ್ತ ಹೋಗುತ್ತಿತ್ತು, ಇಲ್ಲಿ ನಾನು ಆದಿನಾರಾಯಣನ ಮುಂದೆ ಮೀಸೆ ತಿರುವುತ್ತಿದ್ದೆ.

ಹೌದೋ ಅಲ್ಲವೋ ಹೇಳು. ಒಂದು ಸಲ ಹೊರಗಾದರೆ ಎಷ್ಟು ದಿನ ಹೋಗುತ್ತಿದೆ? ಬಿಸಿಲು ಅನ್ನಬೇಡ. ಬಿಸಿಲು ನಿನ್ನೊಬ್ಬಳಿಗೆ ಮಾತ್ರ ಬರುವುದಿಲ್ಲ. ಅಮ್ಮ ನಿನ್ನನ್ನು ಜಗಲಿಗೆ ನೂಕಿ ಏನಾಯಿತೆಂದು ಸಹ ಕೇಳುತ್ತಿಲ್ಲವೆ? ಅವಳಿಗೆ ಮಡಿ ಮುಖ್ಯವೋ ಮನುಷ್ಯರೋ?

ದಂಡು ಪ್ರದೇಶದಲ್ಲಿ ಹಮೀದಾಳಿಗೆ ಹೆರಿಗೆಯಾದ ಹೆಂಗಸರ ಆಸ್ಪತ್ರೆ ಇದೆ. ಅಲ್ಲಿ ಲೇಡಿ ಡಾಕ್ಟರ್ ಇದ್ದಾರೆ. ಹಬೀಬನ ಜಟಕಾ ಹತ್ತು.

ಮುನಿರಾಜಪ್ಪ


ಹಲಸೂರು
20-3-1943

ಯಜಮಾನರಿಗೆ,

ನಿಮ್ಮ ಕಾಗದ ಓದಿ ಒಂದು ದಿನ ಯಾರ ಮುಖವನ್ನೂ ನೋಡಲಾಗಲಿಲ್ಲ. ಗಂಡಸರು ಲೆಕ್ಕ ಇಡುವ ವಿಷಯವೆ ಇದು? ಆದಿನಾರಾಯಣ ಅನ್ನುವವರು ಆ ಕಾಗದ ಓದಿದ್ದರೆ ನಾನು ಈ ಜನ್ಮದಲ್ಲಿ ಪೂನಾ ಕಡೆ ತಲೆಹಾಕಿ ಮಲಗುವುದಿಲ್ಲ.

ಕೋಪ ಇಳಿಯಿತು. ಈಗ ಕೇಳಿ.

ಮೊದಲು ಅತ್ತೆಯ ವಿಷಯ. ನಿಮ್ಮ ತಾಯಿಯನ್ನು ನೀವು ಇಷ್ಟೇ ಬಲ್ಲಿರಾ? ಫೆಬ್ರವರಿಯಲ್ಲಿ ನಾಲ್ಕನೇ ದಿನ ಸ್ನಾನ ಮಾಡಿ ಒಳಗೆ ಬರಲು ಹೊರಟೆ. ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. "ಇನ್ನೂ ಹೋಗ್ತಾ ಐತಾ?" ಎಂದರು. ಸ್ವಲ್ಪ ಎಂದೆ. "ಹಂಗಾದ್ರೆ ಹೊರಗೇ ಇರು. ಒಳಗ್ ಬಂದ್ರೆ ನೀನು ಸುಮ್ನೆ ಕೂರೋಳಲ್ಲ, ರುಬ್ಬುಗುಂಡು ಹಿಡೀತೀಯ." ನಿಂತ ಮೇಲೂ ಎರಡು ದಿನ ಹೊರಗೇ ಇರಿಸಿದರು. ಅರವತ್ತು ದಾಟಿದ ಹೆಂಗಸು ಒಬ್ಬರೇ ಹಸು ಕರೆದು, ನೀರು ಸೇದಿ, ರಾಗಿ ಮುದ್ದೆ ತಿರುವಿ, ತಟ್ಟೆಯನ್ನು ಜಗಲಿಯ ಅಂಚಿಗೆ ತಳ್ಳುತ್ತಿದ್ದಾರೆ. ಬೀದಿಯ ಪಿಳ್ಳಮ್ಮ ಬಂದು, "ಏನ್ ಬೈರಕ್ಕಾ, ನಿನ್ ಸೊಸೆ ತಿಂಗಳಲ್ಲಿ ಅರ್ಧ ರಜಾ ಹಾಕ್ತಾಳಲ್ಲ?" ಎಂದಳು. "ನಿನ್ ಮನೆ ಗಂಜಿ ಕುಡೀತಿದ್ದಾಳಾ? ಹೋಗೇ" ಎಂದು ಅಟ್ಟಿದರು. ಮೈಲಿಗೆಯ ಹೆಸರಿನಲ್ಲಿ ನನಗೆ ವಿಶ್ರಾಂತಿ ಕೊಡುತ್ತಿದ್ದಾರೆ. ಅವರಿಗೆ ಗೊತ್ತಿರುವ ಔಷಧಿ ಅದೊಂದೇ. ಅದನ್ನು ಬರೆಯದೆ ಮುಚ್ಚಿಟ್ಟದ್ದು ನನ್ನ ತಪ್ಪು, ಅವರದಲ್ಲ.

ಇನ್ನು ನನ್ನ ವಿಷಯ. ಒಂದು ವಾರ ದಾಟಿ ಹತ್ತು ದಿನದವರೆಗೂ ಹೋಗುತ್ತದೆ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ. ಗಡ್ಡೆಯಾಗಿಯೂ ಹೋಗುತ್ತದೆ. ಕೇಳಿದ್ದೀರೆಂದು ಬರೆದೆ.

ಆಸ್ಪತ್ರೆಗೆ ಹೋಗಲು ಮನಸ್ಸಿಲ್ಲ. ನಿಮಗೊಂದು ಮಗ ಬೇಕೆಂದು ಅತ್ತೆ ಮುಡಿಪು ಕಟ್ಟಿಟ್ಟಿದ್ದಾರೆ. ಡಾಕ್ಟರು ನೋಡಿ, ಗರ್ಭಚೀಲ ಕೆಟ್ಟಿದೆ, ಇನ್ನು ಮಕ್ಕಳಿಲ್ಲ ಎಂದುಬಿಟ್ಟರೆ? ನೋಡಿಸದಿದ್ದರೆ ಆ ಮಾತು ಹುಟ್ಟುವುದಿಲ್ಲ.

ಇನ್ನೊಂದು ಮಾತು. ನಗುತ್ತೀರಿ. ಈ ಜಗಲಿಯ ದಿನಗಳು ನನಗೆ ಇಷ್ಟವಾಗಿಬಿಟ್ಟಿವೆ. ಮದುವೆಯಾದ ಮೇಲೆ ಕೈಯಲ್ಲಿ ಕಾಗದ ಹಿಡಿದು ಕೂತದ್ದು ಈಗಲೇ.

ಯುಗಾದಿ ಕಳೆಯಲಿ, ನೋಡೋಣ.

ಶಾಂತ


ಕಿರ್ಕಿ
27-3-1943

ಶಾಂತಾ,

ನಗಲಿಲ್ಲ. ನಾನು ಮಾತುಗಾರನೆಂದು ಊರೆಲ್ಲಾ ಹೇಳುತ್ತದೆ. ಉತ್ತರಕ್ಕೆ ನಾಲ್ಕು ಸಲ ಕೂತು ಎದ್ದೆ.

ಅಮ್ಮನ ಬಗ್ಗೆ ಬರೆದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಮಗನ ವಿಷಯ. ತರಕಾರಿ ವ್ಯಾಪಾರದಲ್ಲಿ ನಾನು ಕಲಿತದ್ದು ಒಂದೇ: ಬರದ ಸರಕಿನ ಆಸೆಗೆ ಇರುವ ಸರಕನ್ನು ಕೊಳೆಯಲು ಬಿಡುವವನು ಮುಳುಗುತ್ತಾನೆ. ನನಗೊಬ್ಬ ಹೆಂಡತಿ ಇದ್ದಾಳೆ, ಒಬ್ಬ ಮಗಳಿದ್ದಾಳೆ. ಅಂಗಡಿ ತುಂಬಿದೆ. ನೋಡಿಸದಿದ್ದರೆ ಆ ಮಾತು ಹುಟ್ಟುವುದಿಲ್ಲ ಎಂದು ಬರೆದೆಯಲ್ಲ, ಮಾತು ಹುಟ್ಟದಿದ್ದರೆ ರೋಗ ಸಾಯುತ್ತದೆಯೆ?

ಇಲ್ಲಿಂದ ಅಮ್ಮನಿಗೆ ಕೇಳುವ ಹಾಗೆ ಜೋರಾಗಿ ಓದು.

ಅಮ್ಮಾ, ನೀನು ಸೊಸೆಯನ್ನು ಕೂರಿಸಿ ನೋಡಿಕೊಂಡೆ. ನಿನ್ನಂಥ ಅತ್ತೆ ದಂಡಿನಲ್ಲೂ ಇಲ್ಲ, ಪೇಟೆಯಲ್ಲೂ ಇಲ್ಲ. ಆದರೆ ತೂತು ಬಿದ್ದ ಕೊಡವನ್ನು ನೆರಳಿನಲ್ಲಿಟ್ಟರೆ ನೀರು ನಿಲ್ಲುತ್ತದೇನಮ್ಮ? ತೂತು ಎಲ್ಲಿದೆಯೆಂದು ನೋಡುವವರು ಬೇಕು. ಇವಳನ್ನು ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋಗು. ಹೋಗದಿದ್ದರೆ ಮೇಜರ್ ದೊರೆಯ ಅಡುಗೆಮನೆಗೆ ಬೀಗ ಹಾಕಿ ನಾನೇ ರೈಲು ಹತ್ತುತ್ತೇನೆ. ಸಿಪಾಯಿಗಳು ಉಪವಾಸ ಬಿದ್ದು ಯುದ್ಧ ಸೋತರೆ ಆ ಪಾಪ ಬೈರಮ್ಮನವರಿಗೆ.

ಮುನಿರಾಜಪ್ಪ


ಹಲಸೂರು
14-4-1943

ಯಜಮಾನರಿಗೆ ಶಾಂತಳ ನಮಸ್ಕಾರ.

ಯುದ್ಧ ಸೋಲುವುದು ಬೇಡವೆಂದು ಅತ್ತೆ ಯುಗಾದಿಯ ಮಾರನೆಯ ದಿನವೇ ಹಸಿರು ಜಟಕಾ ಹತ್ತಿಸಿದರು. ಹಮೀದಾ ಜೊತೆಗೆ ಬಂದಳು. ನಾನು ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿದ್ದೆ. "ಅಕ್ಕಾ, ಬುರ್ಖಾ ಬೇಕಾದ್ರೆ ನಂದೇ ತಗೋ, ಹಿಂಗೆ ಮುಚ್ಕೊಂಡ್ರೆ ಕಳ್ಳಿ ಅಂತಾರೆ" ಎಂದಳು.

ಲೇಡಿ ಡಾಕ್ಟರ್ ನಮ್ಮ ವಯಸ್ಸಿನವರೇ. ಕನ್ನಡ ಅರ್ಧ, ತಮಿಳು ಅರ್ಧ. ಯಾವಾಗ ಶುರುವಾಯಿತು, ಎಷ್ಟು ದಿನ, ಎಷ್ಟು ದಿನಕ್ಕೊಮ್ಮೆ ಎಂದರು. ಕಾಗದಗಳ ತಾರೀಖುಗಳನ್ನು ಗಡಗಡನೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ಇಲ್ಲಿಗೆ ಬರೋರು ಹೋದ ಹುಣ್ಣಿಮೆ, ಹಿಂದಿನ ಸಂತೆ ಅಂತಾರೆ. ಇಷ್ಟು ಸರಿಯಾಗಿ ಲೆಕ್ಕ ಇಟ್ಟಿದ್ದು ಯಾರಮ್ಮಾ?" ಎಂದರು. ನಾನು ನೆಲ ನೋಡಿದೆ. ನಿಮ್ಮ ಲೆಕ್ಕದ ವಿಷಯ ದಾರಿಯಲ್ಲಿ ಅತ್ತೆಗೆ ಹೇಳಿದ್ದೆ. ಅವರು ಎದೆಯುಬ್ಬಿಸಿ, "ನನ್ ಮಗ! ಪೂನಾದಲ್ಲಿ ಕೂತ್ಕೊಂಡು!" ಎಂದರು. ನರ್ಸಮ್ಮ ಬಾಗಿಲ ಹೊರಗೆ ಹೋಗಿ ನಕ್ಕಳು.

ಬೆರಳಿನಿಂದ ರಕ್ತ ತೆಗೆದು ನೋಡಿದರು. ಇರಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಮೇಲಿದೆಯಂತೆ. "ಬಳಪ, ಮಣ್ಣು, ಹಸಿ ಅಕ್ಕಿ ಏನಾದ್ರೂ ತಿನ್ನಬೇಕು ಅನ್ಸುತ್ತಾ?" ಎಂದು ಕೇಳಿಬಿಟ್ಟರು. ಯಶೋದೆ ಬೇರೆ ಜೊತೆಗಿದ್ದಳು. "ನಮ್ಮಮ್ಮ ದಿನಾ ತಿಂತಾಳೆ" ಎಂದಳು. ನೀವು ಕಳಿಸಿದ ಡಬ್ಬಿಯಲ್ಲಿ ಡೆಪ್ಯುಟಿ ಕಮಿಷನರಿಗೆ ಸಿಕ್ಕಿದ್ದು ಎರಡೇ ಬಳಪ, ಮಿಕ್ಕಿದ್ದೆಲ್ಲಾ ನನ್ನ ಹೊಟ್ಟೆಗೆ. ರಕ್ತ ಕಡಿಮೆಯಾದರೆ ಇಂಥ ಆಸೆಗಳು ಬರುತ್ತವಂತೆ. ಹುಚ್ಚು ಹಿಡಿಯಿತೇನೋ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಒಳಗೆ ಪರೀಕ್ಷೆ ಮಾಡಿದರು. ಗರ್ಭದ ಬಾಯಲ್ಲಿ ಹುಣಸೆಬೀಜದಷ್ಟು ಮಾಂಸ ಬೆಳೆದಿತ್ತು. ಮತ್ತಿನ ಔಷಧಿ ಕೊಟ್ಟು ಅದನ್ನು ತೆಗೆದು, ಒಳಗೂ ಶುಚಿ ಮಾಡಿದರು. ನಾಲ್ಕು ದಿನ ಅಲ್ಲೇ ಮಲಗಿದ್ದೆ. ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದ್ದರು, ಕೆಟ್ಟದ್ದೇನೂ ಅಲ್ಲವೆಂದು ನಿನ್ನೆ ತಿಳಿಯಿತು. ಎಲ್ಲರಿಗೂ ಇದೇ ಇರುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಾರಣ, ಅದಕ್ಕೇ ನೋಡಿಸಬೇಕು ಎಂದರು. ಗರ್ಭಚೀಲ ಗಟ್ಟಿಯಾಗಿದೆಯಂತೆ. ಮೊದಲು ರಕ್ತ ತುಂಬಲಿ, ಮಿಕ್ಕಿದ್ದನ್ನು ಆಮೇಲೆ ಯೋಚಿಸಿ ಎಂದರು. ಕಬ್ಬಿಣದ ಔಷಧಿ ಕೊಟ್ಟಿದ್ದಾರೆ, ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿದೆ.

ಹೊರಡುವಾಗ ಅತ್ತೆ ಕೇಳಿದರು, "ನಮ್ ಕಾಲ್ದಲ್ಲಿ ಇದ್ನೆಲ್ಲಾ ಯಾರು ನೋಡಿಸ್ತಿದ್ರು ತಾಯಿ? ಹೆಂಗಸು ಅಂದ್ಮೇಲೆ ಹೋಗ್ತದೆ."

"ಹೋಗೋದು ಸರಿ ಅಜ್ಜಿ. ಒಬ್ಬೊಬ್ಬರದು ಒಂದೊಂದು ಥರ, ನಾಲ್ಕು ದಿನ ಹಿಂದೆ ಮುಂದೆ ಆದ್ರೆ ಹೆದರಬೇಕಾಗಿಲ್ಲ" ಎಂದರು ಡಾಕ್ಟರು. "ಆದ್ರೆ ಒಂದು ವಾರ ದಾಟಿದ್ರೆ ಕೇಳಬೇಕು. ಗಡ್ಡೆಗಡ್ಡೆ ಹೋದ್ರೆ, ಮುಟ್ಟಿನ ನಡುವೆ ಕಾಣಿಸ್ಕೊಂಡ್ರೆ ಕೇಳಬೇಕು. ಬಟ್ಟೆ ಗಂಟೆಗಂಟೆಗೂ ತೊಯ್ದು ಹೋಗ್ತಿದ್ರೆ, ತಲೆ ತಿರುಗಿ ಬಿದ್ರೆ, ಯುಗಾದಿ ಗಿಗಾದಿ ಅಂತ ಕಾಯದೆ ಅವತ್ತೇ ಬರಬೇಕು. ಬಸುರಿಗೆ ಹೋದ್ರೂ ಹಂಗೇ. ನಿಮ್ಮಂಥೋರಿಗೆ ಮುಟ್ಟು ನಿಂತು ವರ್ಷ ಆದ್ಮೇಲೆ ಒಂದು ಹನಿ ಕಂಡ್ರೂ ಬರಬೇಕು."

ಜಟಕಾ ಮನೆಯ ತಿರುವಿಗೆ ಬಂದಾಗ ಅತ್ತೆ, "ನಮ್ಮಕ್ಕ ಮುನಿಗಂಗಮ್ಮ ಹಿಂಗೇ ಹೋದ್ಲು ಕಣೇ. ಗಾಳಿ ಸೋಕೈತೆ ಅಂದ್ರು, ತಾಯತ ಕಟ್ಟಿದ್ರು. ಯಾರೂ ಆಸ್ಪತ್ರೆ ಅನ್ಲಿಲ್ಲ" ಎಂದರು. ನನ್ನ ಕೈ ಹಿಡಿದುಕೊಂಡೇ ಇಳಿದರು. ನಾನಿನ್ನೂ ಸ್ನಾನ ಮಾಡಿರಲಿಲ್ಲ. ಅವರಿಗೆ ನೆನಪಾಗಲಿಲ್ಲ, ನಾನೂ ನೆನಪಿಸಲಿಲ್ಲ.

ಶಾಂತ


ಕಿರ್ಕಿ
19-6-1943

ಚಿ. ಸೌ. ಶಾಂತಳಿಗೆ ಆಶೀರ್ವಾದ.

ಮೇ ತಿಂಗಳಲ್ಲಿ ಒಂದು ಕಾಗದ. ಜೂನಿನಲ್ಲಿ ಒಂದು. ಎರಡರಲ್ಲೂ ಸಾಲು ನೆಟ್ಟಗಿದೆ. ಎರಡರ ನಡುವಿನ ಅಂತರ ನೋಡಿ ನನ್ನ ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಕೆರೆ ಏರಿ ಮತ್ತೆ ತಗ್ಗಿದೆಯೆಂದು ಬರೆದಿದ್ದೀಯ. ಸಂತೋಷ.

ಆದರೆ ನಿಜ ಹೇಳಲೆ? ನಿನಗೆ ಸುಭಿಕ್ಷ ಬಂದಷ್ಟೂ ನನಗೆ ಬರಗಾಲ. ಮೊದಲು ವಾರವಾರ ಟಪಾಲಿನವನ ದಾರಿ ನೋಡುತ್ತಿದ್ದೆ. ಈಗ ಅವನನ್ನು ಕಂಡರೆ, ಇವತ್ತು ನನ್ನ ಹೆಸರು ಕೂಗದಿದ್ದರೆ ಸಾಕಪ್ಪ ಎಂದು ಕೈ ಮುಗಿಯುತ್ತೇನೆ. ಆದಿನಾರಾಯಣನ ಹೆಂಡತಿ ನಡುವೆ ಒಂದು ಹೆಚ್ಚಿಗೆ ಬರೆದಿದ್ದಾಳೆ. ಅವನು ಅದನ್ನು ನನ್ನ ಮೇಜಿನ ಮೇಲೆ ಮರೆತು ಹೋಗಿದ್ದ. ವಾಪಸು ಕೊಟ್ಟು, "ರಾಯರೇ, ಮನೆಯಲ್ಲಿ ಆರೋಗ್ಯ ತಾನೆ?" ಎಂದೆ. ಅವನಿಗೆ ಅರ್ಥವಾಗಲಿಲ್ಲ.

ನೀನು ಬರೆಯದಿದ್ದರೂ ಪರವಾಗಿಲ್ಲ. ಚೆನ್ನಾಗಿರು.

ಮುನಿರಾಜಪ್ಪ


ಹಲಸೂರು
26-6-1943

ಯಜಮಾನರಿಗೆ ಶಾಂತಳ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ರೈಲು ಹತ್ತಬೇಡಿ. ನಾನು ಒಳಗೇ ಇದ್ದೇನೆ. ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಮಣೆಯನ್ನು ಬೋರಲು ಹಾಕಿ ಅದರ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ. ಮೂಲೆಯ ಅರಿಶಿನದ ಕಲೆ ನನ್ನ ಹೆಬ್ಬೆರಳಿನದು.

ಕಾಗದ ತೆಗೆದದ್ದನ್ನು ಕಂಡ ಕೂಡಲೇ ಅತ್ತೆ ಕೈಯಲ್ಲಿದ್ದ ಮೊರ ಬಿಟ್ಟು ಓಡಿಬಂದರು. "ಅಯ್ಯೋ ಶಿವನೇ, ಮತ್ತೆ ಹೊರಗಾದ್ಯೇನೇ? ಇನ್ನೂ ಇಪ್ಪತ್ತು ದಿನ ಆಗಿಲ್ವಲ್ಲೇ! ಹಬೀಬನ್ನ ಕೂಗ್ಲಾ?"

"ಇಲ್ಲ ಅತ್ತೆ, ಏನೂ ಆಗಿಲ್ಲ."

"ಮತ್ಯಾಕೆ ಬರೀತಿದ್ದೀಯಾ?"

"ಬರೆಯೋಕೆ ಹೊರಗಾಗ್ಲೇಬೇಕಾ ಅತ್ತೆ?"

ನನ್ನನ್ನೂ ಕಾಗದವನ್ನೂ ನೋಡಿದರು. ಇದಕ್ಕೂ ಅವರ ಹತ್ತಿರ ಕಟ್ಟಳೆ ಇರಲಿಲ್ಲ. "ಹಂಗಾದ್ರೆ ಈ ಸಾರನ್ನ ಯಾರು ನೋಡ್ತಾರೆ, ನಿನ್ ಗಂಡನಾ?" ಎಂದು ಸೌಟು ಕಿತ್ತುಕೊಂಡು ಒಲೆಯ ಮುಂದೆ ಕೂತಿದ್ದಾರೆ. ಅವರಿಗೂ ಈಗ ಕೆಲಸ ಹೆಚ್ಚಾಗಿದೆ. ನೀರಿಗೆ ಹೋದಲ್ಲೆಲ್ಲಾ ಹೆಂಗಸರ ಕಣ್ಣಿನ ರೆಪ್ಪೆ ಎಳೆದು ನೋಡುತ್ತಾರೆ. ಹೋದ ವಾರ ಪಿಳ್ಳಮ್ಮನನ್ನೇ ಜಟಕಾ ಹತ್ತಿಸಿ ಕಳಿಸಿದರು.

"ಎಷ್ಟು ಬರೀತೀಯೇ? ಸಾರಿಗೆ ಉಪ್ಪು ಹಾಕಿದ್ಯೋ ಇಲ್ವೋ ಅದನ್ ಹೇಳು" ಎಂದು ಈಗ ಕೂಗಿದರು. ಹಾಕಿಲ್ಲ, ಇನ್ನೊಂದು ಸಾಲು ಬಾಕಿ ಇದೆ ಎಂದೆ.

ಚೆನ್ನಾಗಿದ್ದೇನೆ. ಅದಕ್ಕೇ ಬರೆದೆ.

ಶಾಂತ